ಹನುಮಮ್ಮನ ಕೂತ ಕೋಳಿ, ಶಶಿಕಿರಣರ ಅಜ್ಜಿ

ಹಳೇಬೀಡಿನಿಂದ ಜಾವಗಲ್ ಕಡೆ ಹೋಗುವ ರಸ್ತೆಯಲ್ಲಿ ಒಂದು ಹೋಟೆಲ್ ಇದೆ. ಹೆಸರು ಬರೆದು ಪುಕ್ಕಟೆ ಪ್ರಚಾರ ಕೊಡಲು ನನಗೆ ಮನಸ್ಸಿಲ್ಲ. ಬಾಗಿಲಲ್ಲೇ ಒಬ್ಬ ಅಜ್ಜಿಯ ದೊಡ್ಡ ಫೋಟೋ, ಕೆಳಗೆ ‘ನಮ್ಮಜ್ಜಿಯ ಕೈರುಚಿ, ಕೂತ ಕೋಳಿ’ ಎಂಬ ಬರಹ. ಮಾಲೀಕ ಶಶಿಕಿರಣರ ಆ ಅಜ್ಜಿ ಬದುಕಿದ್ದಷ್ಟು ದಿನ ಮನೆಯೊಳಗೆ ಒಂದು ಮೊಟ್ಟೆಯನ್ನೂ ಬಿಟ್ಟುಕೊಂಡವರಲ್ಲ. ಫೋಟೋದಲ್ಲಿ ಆಕೆ ಮುಖ ಗಂಟಿಕ್ಕಿರುವುದು ಸುಮ್ಮನೆ ಅಲ್ಲ.

ಆ ಕೋಳಿ ಜಾವಗಲ್‌ನ ಹನುಮಮ್ಮನದು. ಅರವತ್ತು ದಾಟಿದ ಹೆಂಗಸು, ಆರು ವರ್ಷ ಆ ಹೋಟೆಲಿನ ಹಿತ್ತಿಲ ಒಲೆಯ ಮುಂದೆ ಇದ್ದಳು. ಅವ್ವ ಕೊಟ್ಟ ಎರಡು ಹಿತ್ತಾಳೆ ಚೊಂಬುಗಳಲ್ಲಿ ಒಂದಕ್ಕೆ ಅರ್ಧ ನೀರು, ಜಜ್ಜಿದ ಬೆಳ್ಳುಳ್ಳಿ, ಕೊತ್ತಂಬರಿ ಹಾಕಿ, ಮಸಾಲೆ ಸವರಿದ ಇಡೀ ಕೋಳಿಯನ್ನು ಅದರ ಮೇಲೆ ನೆಟ್ಟಗೆ ಕೂರಿಸುತ್ತಾಳೆ. ಕತ್ತಿನ ತೂತಿಗೆ ಈರುಳ್ಳಿ ಸಿಕ್ಕಿಸಿ, ಮಡಕೆ ಬೋರಲು ಹಾಕಿ, ಸುತ್ತ ತೆಂಗಿನ ಚಿಪ್ಪಿನ ಕೆಂಡ ಪೇರಿಸುತ್ತಾಳೆ. ಒಳಗಿನಿಂದ ಹಬೆ, ಹೊರಗಿನಿಂದ ಕಾವು. ಮಡಕೆ ಎತ್ತಿದ ಮೇಲೆ ಕೋಳಿಯನ್ನು ಹಾಗೇ ಕೂರಲು ಬಿಟ್ಟು, ಸೊಂಟದ ಚೀಲ ಬಿಚ್ಚಿ ಎಲೆಅಡಿಕೆ ಹಾಕಿಕೊಳ್ಳುತ್ತಾಳೆ. ಬಾಯಿ ಖಾಲಿಯಾಗುವ ತನಕ ಕತ್ತಿ ಮುಟ್ಟುವುದಿಲ್ಲ. ಅಷ್ಟರಲ್ಲಿ ರಸ ಮಾಂಸದೊಳಗೇ ನಿಲ್ಲುತ್ತದೆ.

ಕಳೆದ ತಿಂಗಳು ಬೆಂಗಳೂರಿನಿಂದ ವೀಡಿಯೋ ಮಾಡುವವರು ಬರುವುದಿತ್ತು. ಹನುಮಮ್ಮ ಕೇಳಿದ್ದು ಒಂದೇ ಮಾತು.

“ಮಡಕೆ ಪಕ್ಕ ನಾನೂ ನಿಂತ್ಕತೀನಿ ಸ್ವಾಮಿ. ನಮ್ ಲತಾಮಣಿ ಆಫೀಸ್ನಾಗೆ ಎಲ್ರಿಗೂ ತೋರಿಸ್ತಾಳಂತೆ.” ಲತಾಮಣಿ ಆಕೆಯ ಮಗಳು, ಅರಸೀಕೆರೆಯಲ್ಲಿ ಗುಮಾಸ್ತೆ.

“ನೀನಲ್ದೆ ಇನ್ಯಾರಮ್ಮ,” ಎಂದರು ಶಶಿಕಿರಣ್. ಎರಡು ದಿನ ಒಲೆಯ ಪಕ್ಕ ಕುರ್ಚಿ ಹಾಕಿಕೊಂಡು ನೀರೆಷ್ಟು, ಉಪ್ಪೆಷ್ಟು, ಕೆಂಡ ಎಷ್ಟು ಹೊತ್ತು, ಎಲ್ಲವನ್ನೂ ಫೋನಿನಲ್ಲಿ ಬರೆದುಕೊಂಡರು. ಎಲೆಅಡಿಕೆ ಬರೆಯಲಿಲ್ಲ. ಅದು ಅವರಿಗೆ ಅಡುಗೆಯಾಗಿ ಕಾಣಲಿಲ್ಲ, ‘ಆ ಜನರ’ ಕೊಳಕು ಚಟವಾಗಿ ಕಂಡಿತು.

ಆ ದಿನ ಹನುಮಮ್ಮ ಹಬ್ಬದ ಸೀರೆ ಉಟ್ಟು ಬಂದು ಎರಡು ಕೋಳಿ ಕೂರಿಸಿದಳು, ಒಂದು ಅಂಗಳದಲ್ಲಿ, ಒಂದು ಹಿತ್ತಿಲಲ್ಲಿ.

“ಇವತ್ತು ಹಿತ್ತಿಲಲ್ಲೇ ಇದ್ಬಿಡು,” ಎಂದರು ಮಾಲೀಕರು. “ಬಾಯಿ ನೋಡ್ಕೋ, ಹೇಗೆ ಕೆಂಪಾಗಿದೆ. ತಿನ್ನೋರಿಗೆ ವಾಕರಿಕೆ ಬರುತ್ತೆ.”

ಸೌದೆ ಒಡೆಯುವ ಕೆಂಚಪ್ಪ, ಮಾಲೀಕರು ಹೋಗುವುದನ್ನೇ ಕಾದು ಹೇಳಿದ: “ಬಾಯಿ ಕೆಂಪಾದ್ರೆ ವಾಕರಿಕೆ. ಮಸಾಲೆ ಅರ್ದು ಕೈ ಕೆಂಪಾದ್ರೆ ಕೈರುಚಿ. ಚೆನ್ನಾಗೈತೆ ಕಣಕ್ಕ ಲೆಕ್ಕ.”

ಅಂಗಳದಲ್ಲಿ ಶಶಿಕಿರಣ್ ಮೊದಲ ಮಡಕೆ ಎತ್ತಿದರು, ಎತ್ತಿದ ಕೂಡಲೇ ಕತ್ತಿ ಹಾಕಿದರು. ರಸವೆಲ್ಲ ಬಾಳೆಎಲೆಯಿಂದ ಹರಿದು ಅವರ ಹೊಸ ಷೂ ಮೇಲೆ ಬಿತ್ತು. ಎದೆಮಾಂಸ ತೆಂಗಿನ ನಾರು. ಬಂದವರು ಅಗಿದರು, ಇನ್ನಷ್ಟು ಅಗಿದರು, ನೀರು ಕೇಳಿದರು.

ಶಶಿಕಿರಣ್ ಹಿತ್ತಿಲಿಗೆ ಓಡಿ ಬಂದರು. “ಏನು ಮಾಡಿಟ್ಟಿದ್ದೀಯ ಅದಕ್ಕೆ?”

“ಅಜ್ಜಿನ್ ಕೇಳ್ರಿ ಸ್ವಾಮಿ.”

ಎರಡನೆಯ ಕೋಳಿ ಆಕೆಯ ಮುಂದೆ ಚೊಂಬಿನ ಮೇಲೆ ಕೂತಿತ್ತು. ಅವರು ಕೈ ಹಾಕಲು ಹೋದರೆ ಆಕೆ ಬಿಡಲಿಲ್ಲ. “ಬಾಯಾಗೆ ಇನ್ನೂ ಎಲೆ ಐತೆ. ಮುಗೀಲಿ. ನಾನೇ ತತ್ತೀನಿ.”

ಬೇರೆ ದಾರಿ ಇರಲಿಲ್ಲ. ಹನುಮಮ್ಮ ಕ್ಯಾಮೆರಾ ಮುಂದೆ ನಿಂತು ತಾನೇ ಕೊಯ್ದಳು. ಎಲೆಯ ಮೇಲೆ ಒಂದು ಹನಿ ಬೀಳಲಿಲ್ಲ. ಯಾಕೆ ಕಾಯಬೇಕು ಎಂಬುದನ್ನೂ ಬಿಡಿಸಿ ಹೇಳಿದಳು. ಬಂದವರು ಮೂಳೆ ಚೀಪಿ, ತಲೆಯಾಡಿಸಿದರು. ತಾನು ಬಯಸಿದ್ದು ಆಯಿತು ಎಂದುಕೊಂಡಳು ಹನುಮಮ್ಮ.

ವೀಡಿಯೋ ಬಂತು. ಅದರಲ್ಲಿ ಇರುವುದು ಮೊಣಕೈಯಿಂದ ಕೆಳಗಿನ ಎರಡು ಕೈ. ಮುಖವಿಲ್ಲ, ಆ ಸೀರೆಯ ಸೆರಗೂ ಇಲ್ಲ. ದನಿ ಶಶಿಕಿರಣರದು: “ಹತ್ತು ನಿಮಿಷ ಕಾಯಬೇಕು, ಇದು ನಮ್ಮಜ್ಜಿ ಹೇಳಿಕೊಟ್ಟ ಗುಟ್ಟು.” ಕೆಳಗೆ ಓದುಬರಹ ಬಲ್ಲ ಸಾವಿರಾರು ಜನ ಆ ಅಜ್ಜಿಯ ಕೈಗೆ ನಮಸ್ಕಾರ ಹಾಕಿದ್ದಾರೆ. ಥೂ ಎನ್ನದೆ ಇನ್ನೇನು ಬರೆಯಲಿ.

ಲತಾಮಣಿ ಆಫೀಸಿನಿಂದಲೇ ಫೋನ್ ಮಾಡಿದಳು. “ಅವ್ವಾ, ಆ ಕೈ ನಿಂದೇ ಅಲ್ವಾ?”

“ನಂದೇ ಕಣೇ. ಹೆಬ್ಬೆಟ್ಟಿನ್ ಮೇಲೆ ಸುಟ್ಟ ಕಲೆ ಕಾಣಲ್ವ? ಎಲ್ರಿಗೂ ಅದ್ನೇ ತೋರ್ಸು.”

ಹನುಮಮ್ಮ ಎರಡೂ ಚೊಂಬು ತೊಳೆದು, ಕೈಚೀಲಕ್ಕೆ ಹಾಕಿಕೊಂಡು, ಹೋಟೆಲಿನ ಮುಂಬಾಗಿಲಿಂದಲೇ ನಡೆದು ಹೋಗಿ ಜಾವಗಲ್ ಬಸ್ ಹತ್ತಿದಳು. ಈಗ ಆ ಹೋಟೆಲಿನಲ್ಲಿ ಕೋಳಿಯನ್ನು ಸ್ಟೀಲ್ ಲೋಟದ ಮೇಲೆ ಕೂರಿಸುತ್ತಾರೆ. ಅದು ಒಂದು ಪಕ್ಕಕ್ಕೆ ವಾಲಿ ಸೀಯುತ್ತದೆ. ಅಜ್ಜಿಯ ಫೋಟೋ ಮಾತ್ರ ನೆಟ್ಟಗಿದೆ.