ಸೊನ್ನೆಯ ಮೇಲೆ ಹಾದ ಗೆರೆ

ಈ ಕೆಂಪು ರಬ್ಬರಿನ ಬಿಸಿನೀರ ಚೀಲಕ್ಕೆ ನಾನು ಕೊಟ್ಟದ್ದು ನೂರೆಂಬತ್ತು ರೂಪಾಯಿ. ಡೊಂಬಿವಲಿ ಸ್ಟೇಷನ್ನಿನ ಹೊರಗಿನ ಅಂಗಡಿಯವನು ಹೇಳಿದ್ದು ಇನ್ನೂರೈವತ್ತು. ನೀರು ತುಂಬಿಸಿ, ತಲೆಕೆಳಗೆ ಹಿಡಿದು, ಸೋರುವುದಿಲ್ಲವೆಂದು ಖಾತ್ರಿಯಾದ ಮೇಲೆಯೇ ನಾನು ಬೆಲೆಯ ಮಾತಿಗೆ ಇಳಿದದ್ದು. ಇದರ ರಬ್ಬರ್ ವಾಸನೆ ಮೂಗಿಗೆ ಬಂದಾಗಲೆಲ್ಲ ಠಾಣೆಯ ಆ ಕ್ಲಿನಿಕ್ಕು ನೆನಪಾಗುತ್ತದೆ. ಅಲ್ಲಿ ನಾನು ಸೋರುತ್ತದೋ ಇಲ್ಲವೋ ನೋಡದೆ ಬೆಲೆಗೆ ಇಳಿದುಬಿಟ್ಟಿದ್ದೆ.

ನನ್ನ ಹೆಂಡತಿ ಶಾರದೆಗೆ ಮೊಣಕಾಲಿನ ಗಂಟುನೋವು. ಸ್ಟೇಷನ್ ಸೇತುವೆ ಹತ್ತಲಾಗದೆ ಲೋಕಲ್ ರೈಲು ತಪ್ಪಿಸಿಕೊಳ್ಳುತ್ತಿದ್ದಳು. ಆಫೀಸು ಬಿಡುವ ಮಾತು ಶುರುವಾಗಿತ್ತು. ಸಂಬಳ ಹಾಗಿರಲಿ, ಲೇಡೀಸ್ ಡಬ್ಬಿಯ ಗೆಳತಿಯರಿಲ್ಲದ ಶಾರದೆಯನ್ನು ನೀವು ನೋಡಿಲ್ಲ, ನಾನು ನೋಡಲು ತಯಾರಿರಲಿಲ್ಲ.

ಕ್ಲಿನಿಕ್ಕಿನಲ್ಲಿ ಹೊಸ ಇಂಜೆಕ್ಷನ್ ಇತ್ತು. "ಅಂಕಲ್, ಆಜ್ ಬುಕ್ ಕರೋ ತೋ ಹಾಫ್ ರೇಟ್," ಎಂದಳು ಕೌಂಟರಿನವಳು. ಬಟ್ಟೆ ವ್ಯಾಪಾರದವನು ನಾನು, ಅರ್ಧಕ್ಕೆ ನಿಲ್ಲುತ್ತೇನೆಯೇ? ಇನ್ನೂ ಇಳಿಸಿ, ಎದೆಯುಬ್ಬಿಸಿ ಕೂತೆ. ಒಪ್ಪಿಗೆ ಪತ್ರ ಬಂತು. ಶಾರದೆ ಪೆನ್ನು ತೆರೆದಳು.

ನೆರೂಳದ ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದುವ ಮಗಳು ರಶ್ಮಿ, ಕ್ಲಿನಿಕ್ಕಿನವರೇ ಕೊಟ್ಟ ಅಧ್ಯಯನದ ಹಾಳೆಯಿಂದ ತಲೆಯೆತ್ತಿದಳು. "ಅಪ್ಪಾ, ಇಂಟರ್ವಲ್ ದೇಖಾ ಕ್ಯಾ?"

"ಇಂಟರ್ವಲ್ಲಾ? ನಾವೆಂತ ಪಿಚ್ಚರಿಗೆ ಬಂದದ್ದಾ?"

ಅವಳು ನಗಲಿಲ್ಲ. "ಕಾನ್ಫಿಡೆನ್ಸ್ ಇಂಟರ್ವಲ್, ಅಪ್ಪಾ."

ಆ ಅಧ್ಯಯನದಲ್ಲಿ ಕೆಲವರಿಗೆ ನಿಜವಾದ ಮದ್ದು, ಕೆಲವರಿಗೆ ಬರೀ ಉಪ್ಪುನೀರು ಚುಚ್ಚಿ, ಯಾರಿಗೆ ಯಾವುದೆಂದು ಹೇಳದೆ ನೋವು ಹೋಲಿಸಿದ್ದರಂತೆ. ಮದ್ದಿನವರಿಗೆ ಸರಾಸರಿಯಲ್ಲಿ ನೋವು ತುಸು ಕಡಿಮೆ. ಕೌಂಟರಿನವಳು ತೋರಿಸಿದ್ದು ಅಷ್ಟನ್ನೇ. ಅದರ ಕೆಳಗೆ ಒಂದು ಅಡ್ಡಗೆರೆ ಇತ್ತು, ರಶ್ಮಿ ಹೇಳಿದ ಇಂಟರ್ವಲ್ ಅದೇ.

"ಭಿವಂಡಿಯಲ್ಲಿ ಬಟ್ಟೆ ಕೊಳ್ಳಲು ಹೋಗಿ, ನೀವು ಎರಡು ಗಂಟು ಬಿಚ್ಚಿ ನೋಡಿ ಪೂರಾ ಲಾಟಿನ ರೇಟ್ ಕಟ್ಟುವಾಗ ಒಂದೇ ನಂಬರ್ ಹೇಳ್ತೀರಾ?" ಎಂದಳು ರಶ್ಮಿ.

"ಹುಚ್ಚಾ? ಇಷ್ಟರಿಂದ ಇಷ್ಟರೊಳಗೆ ಅಂತೇನೆ."

"ವಹೀ ತೋ! ಇಲ್ಲಿ ಬಿಚ್ಚಿದ್ದು ಕಮ್ಮಿ ಗಂಟು, ಅಂದ್ರೆ ನೋಡಿದ್ದು ಕೆಲವೇ ಜನರನ್ನ, ಅದಕ್ಕೇ ಗೆರೆ ಇಷ್ಟುದ್ದ. ಈ ತುದಿಯಲ್ಲಿ ಒಳ್ಳೇ ಫಾಯ್ದಾ, ಆ ತುದಿಯಲ್ಲಿ ಉಪ್ಪುನೀರಿಗಿಂತ ಖರಾಬ್. ನಡುವೆ ಝೀರೋ. ಝೀರೋ ಅಂದ್ರೆ ಮದ್ದೂ ಉಪ್ಪುನೀರೂ ಒಂದೇ."

"ಹಾಗಾದ್ರೆ ಸುಳ್ಳು ಮದ್ದಾ?"

"ಸುಳ್ಳು ಅಂತಲ್ಲ. ಇನ್ನೂ ಗೊತ್ತಿಲ್ಲ ಅಂತ."

ಶಾರದೆಯ ಮುಖ ಕೆಂಪಾಯಿತು. "ಸಾಕು ಮಾರಾಯ್ರೆ ನಿಮ್ಮಿಬ್ಬರ ಲೆಕ್ಕ. ನೋಯುವುದು ನನ್ನ ಗಂಟು, ನಿಮ್ಮ ಭಿವಂಡಿ ಗಂಟಲ್ಲ!"

ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು. ಪೆನ್ನಿನ ಮೊನೆ ಹಾಳೆಗೆ ತಾಗಿಯೇ ಇತ್ತು. ಅವಳ ಕೈಯಿಂದ ಆಸೆಯನ್ನು ಕಿತ್ತುಕೊಳ್ಳುವ ಧೈರ್ಯ ನನಗಿರಲಿಲ್ಲ. ಸುಮ್ಮನಿರುವ ಧೈರ್ಯವೂ ಇರಲಿಲ್ಲ. ಹೊರಬಂದ ಡಾಕ್ಟರಿಗೆ ಹಾಳೆ ಹಿಡಿದು, ಕಡಿಮೆಯೆಂದರೆ ಎಷ್ಟು ಗುಣ, ಹೆಚ್ಚೆಂದರೆ ಎಷ್ಟು ಎಂದು ಕೇಳಿದೆ. ಅವರು ಗೆರೆಯನ್ನು ನೋಡಿದರು, ಆಮೇಲೆ ಶಾರದೆಯನ್ನು.

"ಸಚ್ ಬೋಲೂಂ? ಇತನೇ ಸೇ ಪತಾ ನಹೀ ಚಲ್ತಾ." ಇಷ್ಟರಿಂದ ಏನೂ ಗೊತ್ತಾಗುವುದಿಲ್ಲವಂತೆ.

ಶಾರದೆ ಆ ಗೆರೆಯ ಮೇಲೆ ಬೆರಳಾಡಿಸಿದಳು. ಕೊನೆಗೆ ಪೆನ್ನಿನ ಮುಚ್ಚಳ ಹಾಕಿದಳು. "ಗೊತ್ತಿಲ್ಲದ್ದಕ್ಕೆ ಅರ್ಧ ರೇಟೂ ಜಾಸ್ತಿಯೇ," ಎಂದಳು. ನಾನು ಇಳಿಸಿದ ಬೆಲೆಯನ್ನು ಯಾರೂ ಹೊಗಳಲಿಲ್ಲ.

ಈಗ ಅವಳು ದಿನಾ ವ್ಯಾಯಾಮ ಮಾಡುತ್ತಾಳೆ, ಸೇತುವೆಯ ಅರ್ಧದಲ್ಲಿ ನಿಂತು ಉಸಿರೆಳೆದುಕೊಂಡು ಮತ್ತೆ ಹತ್ತುತ್ತಾಳೆ. ಗೆಳತಿಯರು ಮೇಲೆ ಕಾಯುತ್ತಾರೆ. ನೋವು ಹೋಗಿಲ್ಲ. ಚೀಲ ತುಂಬಿಸಿ ಕೊಡುತ್ತ ಈಗಷ್ಟೇ ಕೇಳಿದೆ, "ಇದರಿಂದ ಗುಣ ಉಂಟಾ?"

"ಬಿಸಿ ಉಂಟು. ಅಷ್ಟು ಗೊತ್ತುಂಟು."

ನೀವೂ ಇಂಥ ಹಾಳೆಯ ಮುಂದೆ ಕೂತರೆ ರೇಟು ಆಮೇಲೆ ಕೇಳಿ. ಯಾವುದರ ಜೊತೆ ಹೋಲಿಸಿದ್ದು, ಎಷ್ಟರಿಂದ ಎಷ್ಟರವರೆಗೆ, ಸೊನ್ನೆ ಗೆರೆಯ ಒಳಗೋ ಹೊರಗೋ ಎಂದು ಮೊದಲು ಕೇಳಿ. ಒಳಗಿದ್ದರೆ ಮದ್ದನ್ನೇನೂ ಬೈಯಬೇಡಿ. ಪೆನ್ನಿನ ಮುಚ್ಚಳ ಹಾಕಿ, ಇನ್ನೊಮ್ಮೆ ಯೋಚಿಸಿ.