ಬೆಚ್ಚಗಿನ ಡಬ್ಬಿ

ಬಳ್ಳಾರಿಯಿಂದ ಕುರುಗೋಡಿನ ಮನೆಗೆ ನಾನು ತಂದದ್ದು ಊಟದ ಡಬ್ಬಿಯಷ್ಟೇ ಇದ್ದ ಅಗ್ಗದ ಕಂಪ್ಯೂಟರ್. ಒಳಗೆ ಫ್ಯಾನಿಲ್ಲದ್ದರಿಂದ ಧೂಳು ತೆಗೆಯುವ ಕೆಲಸವಿರಲಿಲ್ಲ, ಸದ್ದೂ ಇರಲಿಲ್ಲ. ಅದು ನಡೆಯುತ್ತಿದೆಯೋ ಇಲ್ಲವೋ ಎಂದು ಅವ್ವ ಮೇಲೆ ಅಂಗೈ ಇಟ್ಟು ನೋಡುತ್ತಿದ್ದಳು. ಬೆಚ್ಚಗಿದ್ದರೆ, “ಚಾಲೂ ಐತಿ.”

ಚಳಿಗಾಲದಲ್ಲಿ ಒಂದು ವಿಚಿತ್ರ ಶುರುವಾಯಿತು. ಮಲಗುವ ಮುಂಚೆ ನಾನೇ ಬಂದ್ ಮಾಡಿದ ಕಂಪ್ಯೂಟರ್ ಬೆಳಿಗ್ಗೆ ಎದ್ದು ನೋಡಿದರೆ ಚಾಲೂ ಇರುತ್ತಿತ್ತು. ಸೆಟ್ಟಿಂಗ್‌ಗಳನ್ನೆಲ್ಲ ಜಾಲಾಡಿದೆ. ಹಾಳು ವೈರಸ್ಸೆಂದು ಬೈದೆ. ವಾರ ಕಳೆದರೂ ಗುಟ್ಟು ತಿಳಿಯಲಿಲ್ಲ.

ಕೊನೆಗೆ ಒಂದು ದಿನ ಎಲ್ಲರಿಗಿಂತ ಮುಂಚೆ ಎದ್ದೆ. ಕಂಪ್ಯೂಟರಿನ ಮೇಲೆ ಟವೆಲ್ ಸುತ್ತಿದ ಸ್ಟೀಲ್ ಬೋಗುಣಿ ಕೂತಿತ್ತು. ನನ್ನ ಕೈ ಸ್ವಿಚ್ಚಿನ ಕಡೆ ಹೋಗುವಷ್ಟರಲ್ಲಿ ಹಿಂದಿನಿಂದ ಅವ್ವನ ದನಿ ಕೇಳಿತು.

“ಬಂದ್ ಮಾಡಬ್ಯಾಡಲೇ. ಮೊಸರು ಇನ್ನಾ ಗಟ್ಟಿ ಆಗಿಲ್ಲ.”