ಮಗಳ ಮಧ್ಯಾಹ್ನದ ಊಟ

ನಮ್ಮ ರಾಯಬಾಗದ ಕಡೆ ಮಧ್ಯಾಹ್ನ ಹನ್ನೆರಡು ದಾಟಿತೆಂದರೆ, ಎದುರಿಗೆ ಸಿಕ್ಕವರನ್ನೆಲ್ಲ ‘ಊಟ ಆತೇನ್ರಿ?’ ಎಂದು ಕೇಳುವುದು ರೂಢಿ. ಕೇಳಿದವರು ಉತ್ತರಕ್ಕಾಗಿ ನಿಲ್ಲುವುದಿಲ್ಲ. ಉತ್ತರಿಸುವವರೂ ‘ಆತ್ರಿ, ನಿಮ್ದು?’ ಎಂದು ಗಾಡಿಯ ಮೇಲಿಂದಲೇ ಎಸೆದು ಹೋಗುತ್ತಾರೆ. ಹಸಿದ ಹೊಟ್ಟೆಯಲ್ಲಿಯೂ ‘ಆತ್ರಿ’ ಎನ್ನುವುದೇ ಸಭ್ಯತೆ. ನಾನೂ ಐವತ್ತು ವರ್ಷ ಈ ಪ್ರಶ್ನೆಯನ್ನು ಹೀಗೆಯೇ ಪುಕ್ಕಟೆ ಹಂಚುತ್ತ ಬಂದವನು. ಉಂಡಿರೋ ಇಲ್ಲವೋ ಎಂಬುದಕ್ಕಿಂತ ಯಾರ ಜೊತೆ ಉಂಡಿರಿ ಎಂಬುದು ದೊಡ್ಡ ಪ್ರಶ್ನೆಯೆಂದು ನನಗೆ ಉಪದೇಶಿಸಿದ್ದು ಯಾವ ಜ್ಞಾನಿಯೂ ಅಲ್ಲ, ನಮ್ಮ ಮನೆಯ ಎಮ್ಮೆ.

ನಾನು ನಾಲ್ಕನೆಯ ಇಯತ್ತೆಗೇ ಶಾಲೆಗೆ ಶರಣು ಹೊಡೆದು ಹೊಲಕ್ಕಿಳಿದವನು. ಅಲಖನೂರಿನಲ್ಲಿ ನನ್ನ ಕೈಯಾರೆ ಎಬ್ಬಿಸಿದ ನಾಲ್ಕು ಎಕರೆ ಕಬ್ಬು ನಿಂತಿದೆ. ಅದರ ಸಮಕ್ಕೆ ನನ್ನ ಅಭಿಮಾನವೂ ಬೆಳೆದಿದೆ. ವ್ಯತ್ಯಾಸವಿಷ್ಟೇ, ಕಬ್ಬನ್ನು ವರ್ಷಕ್ಕೊಮ್ಮೆ ಕಡಿಯುತ್ತೇವೆ.

ಸದಲಗಾಕ್ಕೆ ಕೊಟ್ಟ ನನ್ನ ಒಬ್ಬಳೇ ಮಗಳು ಸವಿತಾ, ಸೀಮಂತದ ಕುಬಸದ ಕಾರ್ಯ ಮುಗಿಸಿಕೊಂಡು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದ ಮರುದಿನವೇ ಅಂಗನವಾಡಿಯ ಅಕ್ಕೋರು ನಮ್ಮ ಬಾಗಿಲಿಗೆ ಬಂದರು. ಬಸುರಿಯರಿಗೂ ಬಾಣಂತಿಯರಿಗೂ ಅಲ್ಲಿ ದಿನಾ ಬಿಸಿಯೂಟವುಂಟು. ಅನ್ನ, ಸಾರು, ಪಲ್ಯ, ಹಾಲು, ಶೇಂಗಾ ಚಿಕ್ಕಿ. ಆದರೆ ಅಲ್ಲಿಯೇ ಕುಳಿತು ಉಣ್ಣಬೇಕು.

“ನಾಳಿಂದ ಕಳಸ್ರಿ ಕಾಕಾ.”

“ಮನ್ಯಾಗ ಹಿಂಡೂ ಎಮ್ಮಿ ಐತಿ, ಚೀಲಗಟ್ಲೆ ಜ್ವಾಳ ಐತಿ. ನಮ್ಮ ಮನ್ಯಾಗ ಏನ ಕಡಿಮಿ ಐತ್ರಿ? ನನ್ನ ಮಗಳು ಸರಕಾರದ ತಾಟ ಹಿಡಕೊಂಡ ಕುಂದರಬೇಕೇನು?”

“ತಾಟ ಸರಕಾರದ್ದಲ್ರಿ, ಆಕೀನ ಮನಿಯಿಂದ ತರಬೇಕು,” ಎಂದು ಅಕ್ಕೋರು ನಕ್ಕರು. ನಾನು ನಗಲಿಲ್ಲ. ಬಸುರಿ ಹೆಣ್ಣು ಮಟಮಟ ಮಧ್ಯಾಹ್ನ ಹೊಸ್ತಿಲು ದಾಟಿದರೆ ದೃಷ್ಟಿ ತಾಗುತ್ತದೆ ಎಂಬ, ಅಲ್ಲಿಯತನಕ ನಾನೇ ನಂಬದಿದ್ದ ನಿಯಮವನ್ನೂ ಆ ಹೊತ್ತಿಗೆ ಶ್ರದ್ಧೆಯಿಂದ ನಂಬಿಬಿಟ್ಟೆ.

ನಾನೂ ನನ್ನ ಹೆಂಡತಿ ಕಸ್ತೂರಿಯೂ ಬೆಳಕು ಹರಿಯುತ್ತಲೇ ಹೊಲಕ್ಕೆ ಹೋಗುವವರು. ಕಸ್ತೂರಿ ನಾಲ್ಕು ರೊಟ್ಟಿ, ಹೆಸರುಕಾಳಿನ ಪಲ್ಯ, ಗಟ್ಟಿ ಮೊಸರು ಮುಚ್ಚಿಟ್ಟು ಬರುತ್ತಿದ್ದಳು. ಸಂಜೆ ಬಂದು ನೋಡಿದರೆ ಬುಟ್ಟಿ ಖಾಲಿ. ನನ್ನ ಮನಸ್ಸು ಭರ್ತಿ. ಅಂಥದ್ದರಲ್ಲಿ ತಿಂಗಳ ತಪಾಸಣೆಯ ದಿನ ತೂಕದ ಮುಳ್ಳು ಹಿಂದಿನ ಸಲ ಎಲ್ಲಿ ನಿಂತಿತ್ತೋ ಅಲ್ಲಿಯೇ ನಿಂತಿತು. “ಹೊಟ್ಟ್ಯಾಗಿನ ಕೂಸು ಬೆಳಿಬೇಕಂದ್ರ ತಾಯಿ ಉಣಬೇಕ್ರಿ. ಮನ್ಯಾಗ ಉಣ್ಣಾಕ ಹಾಕ್ತೀರೋ ಇಲ್ಲೋ?” ಎಂದು ನರ್ಸಬಾಯಿ ಎಲ್ಲರೆದುರು ಕೇಳಿದಳು. ಆ ಮಾತು ನನಗೆ ಕಬ್ಬಿನ ರವದಿಯ ಒಣಗರಿಯಂತೆ ಗೀರಿತು. ಆದರೆ ಗೀರಿದ ಉರಿಗಿಂತ ಕೂಸಿನ ಭಯ ದೊಡ್ಡದಾಗಿತ್ತು.

ಎರಡು ದಿನದ ಮೇಲೆ ಕರೆಂಟು ಹೋಗಿ ಪಂಪು ನಿಂತಿತು. ನಡುಹಗಲೇ ಮನೆಗೆ ಬಂದೆ. ಹಿತ್ತಲಲ್ಲಿ ಎಮ್ಮೆ ಹಗ್ಗ ಬಿಗಿಯುವಷ್ಟು ಕುತ್ತಿಗೆ ಚಾಚಿ, ಪಂಕ್ತಿಯಲ್ಲಿ ತುಪ್ಪಕ್ಕೆ ಕಾದ ಬೀಗರ ಹಾಗೆ ಅಡುಗೆಮನೆಯ ಬಾಗಿಲನ್ನೇ ನೋಡುತ್ತಿತ್ತು. ಹೊಸ್ತಿಲ ಮೇಲೆ ಸವಿತಾ. ರೊಟ್ಟಿಯನ್ನು ಮೊಸರಿನಲ್ಲಿ ಅದ್ದಿ ಒಂದು ತುತ್ತು ತನಗೆ, ಮೂರು ತುತ್ತು ಎಮ್ಮೆಗೆ. ಇತ್ತೀಚೆಗೆ ಹಾಲು ಹೆಚ್ಚಾಗಿದ್ದಕ್ಕೆ ನನ್ನ ಮೇವಿನ ಜಾಣತನವೇ ಕಾರಣವೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

“ಏನಬೇ ಇದು?”

ಅವಳು ಹೆದರಲಿಲ್ಲ, ಅತ್ತುಬಿಟ್ಟಳು. “ಒಬ್ಬಾಕೆನ ಕುಂತ್ರ ತುತ್ತು ಇಳಿಯಂಗಿಲ್ಲಪಾ. ಇದರ ಜೋಡಿ ಮಾತಾಡಕೋಂತ ಕುಂತ್ರ ಒಂದೀಟರ ಹೊಟ್ಟಿಗಿ ಹೊಕ್ಕೈತಿ. ಅಲ್ಲೆ ಅತ್ತಿ ಮನ್ಯಾಗ ಎಲ್ಲಾರದೂ ಆದಮ್ಯಾಗ ಕಡೀಕ ಒಬ್ಬಾಕೆನ ಉಣತೇನಿ. ಇಲ್ಲಿ ಬಂದ್ರರ ಎಲ್ಲಾರ ಜೋಡಿ ಉಣಬೇಕಂತ ಎಷ್ಟ ಆಸೆ ಮಾಡಿ ಬಂದಿದ್ದೆ.”

ನಾಲ್ಕು ಎಕರೆಯ ಯಜಮಾನನಿಗೆ ಆ ಕ್ಷಣ ನಿಲ್ಲಲು ಒಂದು ಗೇಣು ನೆಲ ಸಿಗಲಿಲ್ಲ.

ಮರುದಿನ ತಾಟನ್ನು ನಾನೇ ಹಿಡಿದುಕೊಂಡು ಅವಳ ಮುಂದೆ ಮುಂದೆ ನಡೆದೆ, ದೃಷ್ಟಿ ತಾಗುವುದಿದ್ದರೆ ಮೊದಲು ನನಗೆ ತಾಗಲಿ ಎಂದು. ಅಕ್ಕೋರು ನನ್ನನ್ನು ಚೇಷ್ಟೆ ಮಾಡಲಿಲ್ಲ. ಅದೇ ಹೆಚ್ಚು ಚುಚ್ಚಿತು. ಹೊರಗಿನ ಗೋಡೆಯ ನೆರಳಿನಲ್ಲಿ, ಕಟ್ಟಿದ ರುಮಾಲನ್ನೇ ಬಿಚ್ಚಿ ಮತ್ತೆ ಕಟ್ಟುತ್ತ ನಿಂತೆ. ಒಳಗೆ ಅವಳ ಜೊತೆ ಶಾಲೆ ಕಲಿತ, ಅವಳ ಹಾಗೆಯೇ ಹೆರಿಗೆಗೆ ಬಂದ ಗೆಳತಿಯರು.

“ಏ ಸವಿ, ನಿಮ್ಮಪ್ಪ ಕಡೀಕೂ ಬಿಟ್ಟನೇನ?”

“ನಮ್ಮಪ್ಪ ಎಲ್ಲಿ ಬಿಡ್ತಾನ! ಎಮ್ಮಿ ಬಿಡಿಸ್ತು.”

ಆಮೇಲೆ ಎದ್ದ ನಗೆಯಲ್ಲಿ ನನ್ನ ಮಗಳ ನಗೆಯನ್ನು ಆರಿಸಿಕೊಳ್ಳಲು ನನಗೆ ಕಷ್ಟವಾಗಲಿಲ್ಲ. ಮದುವೆಯಾದ ಮೇಲೆ ಅದನ್ನು ಕೇಳಿದ್ದು ಅದೇ ಮೊದಲು. ಅದರ ಹಿಂದೆಯೇ ಅವಳ ದನಿ, “ಅಕ್ಕೋರ, ಇನ್ನೊಂದ ಸೌಟ ಸಾರ ಹಾಕ್ರಿ.” ಊಟ ಕಳೆದುಕೊಂಡ ಎಮ್ಮೆ ನಾಲ್ಕು ದಿನ ಒದರಿ ಪ್ರತಿಭಟಿಸಿತು. ತೂಕದ ಮುಳ್ಳು ಮೇಲೇರಿತು. ಮೊಮ್ಮಗಳು ಗಟ್ಟಿಮುಟ್ಟಾಗಿ ಹುಟ್ಟಿದಳು.

ಈಗ ಸವಿತಾ ಕೂಸನ್ನು ಕರೆದುಕೊಂಡು ಸದಲಗಾಕ್ಕೆ ಹೋಗಿ ಹದಿನೈದು ದಿನ. ಅಂಗನವಾಡಿಯಿಂದ ತಾಟುಗಳ ಸದ್ದು ಹೊಲದವರೆಗೂ ಬಂದಂತಾಗುತ್ತದೆ. ಆ ಹೊತ್ತಿಗೆ ಸಲಿಕೆ ಕೈಯಲ್ಲಿಯೇ ನಿಂತುಬಿಡುತ್ತದೆ. ನಿನ್ನೆ ತಡೆಯಲಾಗದೆ ಬದುವಿನ ಮೇಲೆ ಕುಳಿತು ಫೋನು ಮಾಡಿದೆ.

“ಊಟ ಆತೇನ ಯವ್ವಾ?”

“ಆತಪಾ.”

“ಯಾರ ಜೋಡಿ?”

“ತೊಟ್ಟಿಲ ಜೋಡಿ,” ಎಂದು ಅವಳು ತೂಗುವುದನ್ನು ಮುಂದುವರಿಸಿದಳು.

“ಅಲ್ಲೂ ಬಾಣಂತ್ಯಾರಿಗೆ ಊಟ ಐತೆಲ್ಲ, ಹೊಂಟಿಯಿಲ್ಲ?”

“ಮಾವಾರು ಬ್ಯಾಡ ಅಂತಾರ. ನಮ್ಮ ಮನ್ಯಾಗ ಏನ ಕಡಿಮಿ ಐತಿ ಅಂತಾರ.”

ಬೀಗರ ಮೇಲೆ ಸಿಟ್ಟು ಮಾಡುವ ಹಕ್ಕು ಯಾರಿಗಾದರೂ ಇರಬಹುದು, ನನಗಂತೂ ಇಲ್ಲ. ಸೋಮವಾರ ಸದಲಗಾಕ್ಕೆ ಹೋಗಿ, ಅವರ ಕಟ್ಟೆಯ ಮೇಲೆ ಕುಳಿತು, ನನ್ನ ಮಾನ ಹೋದರೂ ಸರಿ, ಎಮ್ಮೆಯ ಕಥೆಯನ್ನು ಒಂದಕ್ಷರವೂ ಬಿಡದೆ ಹೇಳಬೇಕೆಂದು ನಿಶ್ಚಯಿಸಿದ್ದೇನೆ. ಆದರೆ ನಿನ್ನೆ ಇನ್ನೂ ಶುಕ್ರವಾರ.

“ಫೋನ ಇಡಬ್ಯಾಡ,” ಎಂದೆ. “ತಾಟ ತೊಗೊಂಡ ಬಾ. ನಾವೂ ಈಗ ಬುತ್ತಿ ಬಿಚ್ಚಾಕತ್ತೇವಿ.”

ಕಸ್ತೂರಿ ಫೋನನ್ನು ನಮ್ಮಿಬ್ಬರ ನಡುವೆ ರೊಟ್ಟಿಯ ಬಟ್ಟೆಯ ಮೇಲಿಟ್ಟಳು. ಸದಲಗಾದ ಅಡುಗೆಮನೆಯಲ್ಲಿ ಖಡಕ್ ರೊಟ್ಟಿಯೊಂದು ಮುರಿದ ಸದ್ದು ಕೇಳುವವರೆಗೆ ನಾವಿಬ್ಬರೂ ತುತ್ತು ಎತ್ತಲಿಲ್ಲ.